ಮೊದಲು ಕಳಿಸಿದ ಅಂಕಿಯನ್ನು ಅಳಿಸಬೇಡಿ

ಹಲವು ತಂಡಗಳು ಒಂದೇ ಬಯಲಿನಲ್ಲಿ ಉಪಕರಣ ಇಟ್ಟು, ಒಂದೇ ಬಿಸಿಲನ್ನು ಅಳೆದು, ಅಂಕಿಗಳನ್ನು ಒಂದು ಕಡೆ ಒಪ್ಪಿಸುವ ಅಧ್ಯಯನಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅಳತೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಳೆದದ್ದನ್ನು ಒಪ್ಪಿಸುವ ಬಗ್ಗೆ ಮಾತಾಡುವವರು ಕಡಿಮೆ. ಅದೇನಿದ್ದರೂ ಗುಮಾಸ್ತಿಕೆ ಕೆಲಸ, ಕೊನೆಗೆ ಯಾರೋ ಕಿರಿಯರು ಫೈಲ್ ಮಾಡಿ ಕಳಿಸುತ್ತಾರೆ ಎಂಬ ಧೋರಣೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಒಂದು ಅಧ್ಯಯನವನ್ನು ಎಷ್ಟು ನಂಬಬಹುದು ಅನ್ನುವುದು ಬಹುಪಾಲು ನಿರ್ಧಾರವಾಗುವುದು ಆ ಫೈಲ್ ಕೈಬಿಟ್ಟು ಹೋಗುವ ಹೊತ್ತಿನಲ್ಲೇ.

ಏನನ್ನು ಅಳೆಯುತ್ತಾರೆ ಅಂತ ಮೊದಲು ಹೇಳುತ್ತೇನೆ. ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಮೇಲೆ ಸುಮಾರು 420 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು ಬಿದ್ದರೆ ಅಣು ಒಡೆದು ಒಂದು ಆಮ್ಲಜನಕದ ಪರಮಾಣು ಹೊರಬರುತ್ತದೆ. ಅದು ಆಮ್ಲಜನಕದ ಅಣುವಿಗೆ ಅಂಟಿಕೊಂಡರೆ ಓಝೋನ್ ಆಯಿತು. ಹೊಗೆಮಂಜಿನ ದಿನಗಳಲ್ಲಿ ನೆಲಮಟ್ಟದಲ್ಲಿ ಕಣ್ಣು ಉರಿಸುವ ಗಾಳಿಯ ಹಿಂದೆ ಇರುವ ಕ್ರಿಯೆ ಇದು. ಇನ್ನೊಂದು ಕಡೆ ಆ ಓಝೋನ್ ಕೂಡ ಅತಿನೇರಳೆ ಬೆಳಕಿಗೆ ಒಡೆಯುತ್ತದೆ. ಆಗ ಹೊರಬರುವ, ಹೆಚ್ಚು ಶಕ್ತಿ ತುಂಬಿಕೊಂಡ ಆಮ್ಲಜನಕದ ಪರಮಾಣು ನೀರಾವಿಗೆ ಡಿಕ್ಕಿ ಹೊಡೆದರೆ ಎರಡು ಹೈಡ್ರಾಕ್ಸಿಲ್, ಅಂದರೆ ಒಂದು ಆಮ್ಲಜನಕ ಒಂದು ಹೈಡ್ರೋಜನ್ ಸೇರಿದ ತುಣುಕುಗಳು, ಹುಟ್ಟುತ್ತವೆ. ಕೆಳ ವಾತಾವರಣದಲ್ಲೂ ಬಿಸಿಲಿನಿಂದ ಹೈಡ್ರಾಕ್ಸಿಲ್ ಹೀಗೆ ಉತ್ಪತ್ತಿಯಾಗುತ್ತದೆ ಎಂದು 1971ರಲ್ಲಿ ಹೈರಮ್ ಲೆವಿ ವಾದಿಸಿದರು. ಹೈಡ್ರಾಕ್ಸಿಲ್‌ನ ಆಯಸ್ಸು ಒಂದು ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ. ಆದರೂ ಮೀಥೇನ್, ಕಾರ್ಬನ್ ಮೊನಾಕ್ಸೈಡ್ ಇತ್ಯಾದಿಗಳನ್ನು ಗಾಳಿಯಿಂದ ತೆಗೆಯುವ ಮುಖ್ಯ ಕೆಲಸ ಇದರದ್ದೇ.

ಒಂದು ಸೆಕೆಂಡಿನಲ್ಲಿ ಇಂಥ ಅಣುಗಳ ಎಷ್ಟು ಪಾಲು ಒಡೆಯುತ್ತದೆ ಎಂಬ ಲೆಕ್ಕಕ್ಕೆ ಈ ಕ್ಷೇತ್ರದಲ್ಲಿ ಎಲ್ಲರೂ ‘ಜೆ’ ಮೌಲ್ಯ ಅನ್ನುತ್ತಾರೆ. ಬೇಸಿಗೆಯ ನಡುಮಧ್ಯಾಹ್ನ ನೈಟ್ರೋಜನ್ ಡೈಆಕ್ಸೈಡ್‌ನ ಜೆ ಸುಮಾರು 0.01ರ ಹತ್ತಿರ ಇರುತ್ತದೆ, ಅಂದರೆ ಒಂದು ಅಣು ಎರಡು ನಿಮಿಷದ ಆಸುಪಾಸಿನಲ್ಲಿ ಒಡೆದೇ ಹೋಗುತ್ತದೆ. ಓಝೋನ್‌ನಿಂದ ಆ ಶಕ್ತಿಶಾಲಿ ಪರಮಾಣು ಬರುವ ವೇಗ ಇದಕ್ಕಿಂತ ನೂರಾರು ಪಟ್ಟು ನಿಧಾನ. ಹವಾಮಾನ, ವಾಯುಮಾಲಿನ್ಯವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಯಾವ ರಾಸಾಯನಿಕ ಮಾದರಿ ತೆಗೆದುಕೊಂಡರೂ ಒಳಗೆ ಈ ಜೆ ಕೂತಿರುತ್ತದೆ. ಅದೇ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ವಾಲುತ್ತದೆ.

ಅದಕ್ಕೇ 1998ರ ಜೂನ್ 15ರಿಂದ 19ರವರೆಗೆ ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಹೋಲಿಕೆ ನನಗೆ ಅಷ್ಟು ಮುಖ್ಯ ಅನಿಸುವುದು. ಚಿಕ್ಕದಾಗಿ ಐಪಿಎಮ್‌ಎಮ್‌ಐ ಅಂತ ಕರೆಯುತ್ತಾರೆ. ಜೆ ಮೌಲ್ಯಗಳನ್ನೂ ಬೆಳಕಿನ ರೋಹಿತವನ್ನೂ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಎಂಬುದನ್ನು) ನಾವು ಎಷ್ಟು ನಿಖರವಾಗಿ ಅಳೆಯಬಲ್ಲೆವು, ಮಾದರಿಗಳು ಆ ಅಳತೆಯನ್ನು ಎಷ್ಟು ಸರಿಯಾಗಿ ಲೆಕ್ಕ ಹಾಕಬಲ್ಲವು ಅನ್ನುವುದೇ ಪ್ರಶ್ನೆ. ಅಳತೆ ಮತ್ತು ಮಾದರಿ ಎರಡೂ ಅಲ್ಲಿ ‘ಕುರುಡು’. ಭಾಗವಹಿಸಿದವರು ತಮ್ಮತಮ್ಮಲ್ಲಿ ಅಂಕಿಗಳನ್ನು ಹಂಚಿಕೊಳ್ಳುವ ಹಾಗಿರಲಿಲ್ಲ. ಫಲಿತಾಂಶಗಳನ್ನು ಹೋಲಿಸಿದವರು ಇಬ್ಬರು ಸ್ವತಂತ್ರ ರೆಫರಿಗಳು. ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದ ಹಾಗೆ.

ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಮೋಸದ ಭಯಕ್ಕಲ್ಲ. ಪ್ರಾಮಾಣಿಕರೇ ಮಾಡುವ ಒಂದು ಕೆಲಸ ಇದೆ: ತನ್ನ ಅಂಕಿ ಬೇರೆಯವರಿಗಿಂತ ಶೇಕಡಾ 15 ಹೆಚ್ಚು ಬಂದಿದೆ ಅಂತ ಗೊತ್ತಾದ ತಕ್ಷಣ ತಪ್ಪು ಹುಡುಕಲು ಶುರು ಮಾಡುತ್ತಾರೆ, ತಿದ್ದಿದರೆ ಅಂಕಿ ಕೆಳಗಿಳಿಯುವಂಥ ಒಂದು ತಪ್ಪು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತಾರೆ. ಅದೇ ಉಪಕರಣದಲ್ಲಿ ತಿದ್ದಿದರೆ ಅಂಕಿ ಮೇಲೇರುವಂಥ ತಪ್ಪೂ ಇದ್ದಿರಬಹುದು, ಅದನ್ನು ಯಾರೂ ನೋಡುವುದಿಲ್ಲ. ಹೀಗೆ ಎಲ್ಲರೂ ಗುಂಪಿನ ನಡುವಿಗೆ ಸರಿಯುತ್ತಾ ಹೋದರೆ ಕೊನೆಗೆ ಚಂದದ ಒಮ್ಮತ ಬರುತ್ತದೆ. ಆ ಒಮ್ಮತ ಬಂದದ್ದು ಬೆಳಕಿನಿಂದಲೋ ಸಂಕೋಚದಿಂದಲೋ ಅಂತ ಆಮೇಲೆ ಯಾರಿಗೂ ಬಿಡಿಸಲಾಗುವುದಿಲ್ಲ.

ಇನ್ನು ಫೈಲಿನ ಒಳಗೆ ಬರೋಣ, ಏಕೆಂದರೆ ನಿಜವಾದ ಜಗಳ ಇರುವುದು ಅಲ್ಲೇ. ಒಂದು ಸಾಲು ತೆಗೆದುಕೊಳ್ಳಿ: ಸಮಯ, ಜೆ, ಅನಿಶ್ಚಿತತೆ. ಮೂರೇ ಕಾಲಂ. ಸಮಯ ಯಾವುದು? ಜೂನ್ ತಿಂಗಳಲ್ಲಿ ಬೌಲ್ಡರ್‌ನ ಗಡಿಯಾರ ಬೇಸಿಗೆಯ ಸಮಯದಲ್ಲಿ, ಅಂದರೆ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ 6 ಗಂಟೆ ಹಿಂದೆ ಇರುತ್ತದೆ. ಸೂರ್ಯ ನೆತ್ತಿಗೆ ಬರುವಾಗ ಆ ಗಡಿಯಾರದಲ್ಲಿ ಒಂದು ಗಂಟೆ. ‘12:00’ ಅಂತ ಸುಮ್ಮನೆ ಬರೆದರೆ ಓದುವವನು ಯಾವ ಹನ್ನೆರಡು ಅಂದುಕೊಳ್ಳಬೇಕು? ಸರಿ, ಯುಟಿಸಿ ಅಂತಲೇ ಬರೆದಿರಿ. ಹತ್ತು ನಿಮಿಷದ ಸರಾಸರಿಗೆ ಹಾಕಿದ ಆ ಸಮಯ ಅವಧಿಯ ಶುರುವೋ, ನಡುವೋ, ಕೊನೆಯೋ? ನಡುಹಗಲಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಬೆಳಗ್ಗೆ ಏಳು ಗಂಟೆಗೆ, ಬೆಳಕು ಸರಸರ ಏರುತ್ತಿರುವಾಗ, ಐದು ನಿಮಿಷದ ಈ ಗೊಂದಲವೇ ಉಪಕರಣದ ದೋಷದ ವೇಷ ಹಾಕಿಕೊಂಡು ಬಂದು ನಿಲ್ಲುತ್ತದೆ.

ಆಮೇಲೆ ಅಳೆದದ್ದು ಏನು ಎಂಬ ಪ್ರಶ್ನೆ. ಸಮತಟ್ಟಾದ ಸಂವೇದಕಕ್ಕೆ ಓರೆಯಾಗಿ ಬಿದ್ದ ಬಿಸಿಲು ಕಡಿಮೆಯಾಗಿ ಕಾಣುತ್ತದೆ. ಸೂರ್ಯ ನೆತ್ತಿಯಿಂದ 60 ಡಿಗ್ರಿ ಇಳಿದಿದ್ದಾಗ ನೇರ ಕಿರಣದ ಅರ್ಧ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಅಣುವಿಗೆ ಈ ಓರೆ, ನೇರ ಎಂಬ ಭೇದವಿಲ್ಲ. ಯಾವ ದಿಕ್ಕಿನ ಬೆಳಕು ತಾಗಿದರೂ ಒಡೆಯುತ್ತದೆ. ಹಾಗಾಗಿ ಜೆಗೆ ಬೇಕಾದದ್ದು ಎಲ್ಲ ದಿಕ್ಕಿನ ಬೆಳಕನ್ನೂ ಸಮವಾಗಿ ಕೂಡಿದ ಆಕ್ಟಿನಿಕ್ ಫ್ಲಕ್ಸ್. ಮೇಲಿಂದ ಇಳಿದ ಬೆಳಕು ಮಾತ್ರವೋ, ನೆಲದಿಂದ ಪ್ರತಿಫಲಿಸಿದ್ದೂ ಸೇರಿದೆಯೋ ಅನ್ನುವುದನ್ನು ಫೈಲಿನ ತಲೆಬರಹದಲ್ಲೇ ಬರೆಯಬೇಕು. ತರಂಗಾಂತರ ಗಾಳಿಯಲ್ಲಿನದೋ ನಿರ್ವಾತದಲ್ಲಿನದೋ ಎನ್ನುವುದನ್ನೂ ಬರೆಯಬೇಕು. 300 ನ್ಯಾನೋಮೀಟರ್ ಬಳಿ ಇವೆರಡರ ನಡುವಿನ ಅಂತರ ಸುಮಾರು 0.09 ನ್ಯಾನೋಮೀಟರ್ ಅಷ್ಟೇ. ಆದರೆ ಓಝೋನ್ ಪದರ ಬೆಳಕನ್ನು ಕಡಿದಾಗಿ ಕತ್ತರಿಸುವ ಜಾಗ ಅದೇ, ಅಲ್ಲಿ ಅಷ್ಟು ಸರಿದರೂ ಅಂಕಿ ಬದಲಾಗುತ್ತದೆ.

ರೋಹಿತದಿಂದ ಜೆ ಲೆಕ್ಕ ಹಾಕಿದವರು ಯಾವ ಹೀರಿಕೆಯ ಪಟ್ಟಿ (ಅಣು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ), ಯಾವ ಕ್ವಾಂಟಮ್ ಇಳುವರಿ (ಬೆಳಕು ಹೀರಿದ ಅಣುಗಳಲ್ಲಿ ಎಷ್ಟು ಪಾಲು ಒಡೆಯುತ್ತದೆ) ಬಳಸಿದರು ಅಂತಲೂ ಹೇಳಬೇಕು. ಒಂದೇ ಬೆಳಕನ್ನು ನಿಖರವಾಗಿ ಅಳೆದ ಎರಡು ತಂಡಗಳು ಬೇರೆ ಬೇರೆ ಪಟ್ಟಿ ಬಳಸಿದರೆ ಬೇರೆ ಬೇರೆ ಜೆ ಬರುತ್ತದೆ. ಸ್ಫಟಿಕದ ಕೊಳವೆಯಲ್ಲಿ ಅನಿಲ ತುಂಬಿ ಬಿಸಿಲಿಗಿಟ್ಟು, ಎಷ್ಟು ಒಡೆಯಿತು ಅಂತ ನೇರವಾಗಿ ಅಳೆಯುವ ಆಕ್ಟಿನೋಮೀಟರ್‌ಗೆ ಈ ಪಟ್ಟಿಯ ಹಂಗಿಲ್ಲ. ಹಳೆಯ ವಿಧಾನ, ನಿಭಾಯಿಸುವುದು ಕಷ್ಟ, ಆದರೂ ನನಗೆ ಅದರ ಮೇಲೆ ಬಹಳ ಗೌರವ.

ರಾತ್ರಿಯ ಅಂಕಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಕತ್ತಲಲ್ಲಿ ಜೆ ಸೊನ್ನೆ. ಉಪಕರಣದಲ್ಲಿ ಗದ್ದಲ, ಅಂದರೆ ಬೆಳಕಿಗೆ ಸಂಬಂಧವಿಲ್ಲದ ಸಣ್ಣ ಏರಿಳಿತ, ಇರುವುದರಿಂದ ಒಮ್ಮೆ ಸ್ವಲ್ಪ ಧನ, ಒಮ್ಮೆ ಸ್ವಲ್ಪ ಋಣ ಬರುತ್ತದೆ. ಋಣ ಜೆ ಅಂದರೆ ಅರ್ಥವಿಲ್ಲ ಅಂತ ಅದನ್ನೆಲ್ಲ ಸೊನ್ನೆ ಮಾಡಿ ಕಳಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಋಣವನ್ನು ಮಾತ್ರ ಕತ್ತರಿಸಿದರೆ ಉಳಿದವುಗಳ ಸರಾಸರಿ ಸೊನ್ನೆಗಿಂತ ಮೇಲೆ ನಿಲ್ಲುತ್ತದೆ, ಕತ್ತಲಲ್ಲೂ ಬೆಳಕಿದ್ದ ಹಾಗೆ. ಉಪಕರಣದ ಗದ್ದಲ ಎಷ್ಟು, ಅದರ ಸೊನ್ನೆ ಎಲ್ಲಿದೆ ಅಂತ ಬೇರೆಯವರಿಗೆ ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ.

ಅಳಿಸುವುದಕ್ಕೂ ಗುರುತು ಹಾಕುವುದಕ್ಕೂ ಎಷ್ಟು ದೂರ ಅನ್ನುವುದಕ್ಕೆ ಓಝೋನ್ ರಂಧ್ರದ ಚರಿತ್ರೆಯೇ ಸಾಕು. ಅಂಟಾರ್ಕ್ಟಿಕಾದ ಹ್ಯಾಲಿ ಬೇಯಲ್ಲಿ ಮೇಲಿನ ಓಝೋನ್ ಅಳೆಯುವ, ನೆಲದ ಮೇಲಿನ ಡಾಬ್ಸನ್ ಉಪಕರಣದಿಂದ ಅಳೆದು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ ಕುಸಿತವನ್ನು ಪ್ರಕಟಿಸಿದರು. ಅದೇ ವರ್ಷಗಳಲ್ಲಿ ನಿಂಬಸ್-7 ಉಪಗ್ರಹದಲ್ಲಿದ್ದ ಟಾಮ್ಸ್ ಎಂಬ ಓಝೋನ್ ಮಾಪಕ ಕೂಡ ಮೇಲಿಂದ ನೋಡುತ್ತಿತ್ತು. ಅದರ ಲೆಕ್ಕದಲ್ಲಿ 180 ಡಾಬ್ಸನ್ ಮಾನಕ್ಕಿಂತ (ಓಝೋನ್ ಪ್ರಮಾಣದ ಏಕಮಾನ) ಕಡಿಮೆ ಬಂದ ಅಂಕಿಗಳಿಗೆ ‘ಅನುಮಾನ’ ಎಂಬ ಗುರುತು ಬೀಳುತ್ತಿತ್ತು. ಅಂಕಿಗಳನ್ನು ಯಾರೂ ಅಳಿಸಿರಲಿಲ್ಲ. ಹಾಗಾಗಿಯೇ ಮತ್ತೆ ತೆಗೆದು ನೋಡಿದಾಗ ರಂಧ್ರ ಅಲ್ಲೇ ಇತ್ತು, ಇಡೀ ಖಂಡದಷ್ಟು ಅಗಲವಾಗಿ. ನಂಬಲಾಗದ ಅಂಕಿಯನ್ನು ತೆಗೆದುಹಾಕಿಯೇ ಒಪ್ಪಿಸುವ ಪದ್ಧತಿ ಇದ್ದಿದ್ದರೆ ಉಪಗ್ರಹದಿಂದ ಆ ನಕ್ಷೆ ಬರುತ್ತಲೇ ಇರಲಿಲ್ಲ.

ತಿದ್ದುಪಡಿಯೇ ಕೂಡದು ಅಂತ ನಾನು ಹೇಳುತ್ತಿಲ್ಲ. ಉಪಕರಣವನ್ನು ಹೋಲಿಸಿ ಸರಿಹೊಂದಿಸಲು ಬಳಸಿದ 1000 ವ್ಯಾಟ್ ದೀಪದ ಅಂಕಿಯೇ ಬದಲಾದರೆ, ಆ ದೀಪವನ್ನು ನಂಬಿದ ಅಳತೆಗಳೆಲ್ಲ ತಿದ್ದಬೇಕಾದದ್ದೇ. ಆದರೆ ಎರಡನೇ ಫೈಲ್ ಬಂದಾಗ ಮೊದಲನೆಯದು ಮಾಯವಾಗಬಾರದು. ಯಾವಾಗ ತಿದ್ದಿದರು, ಯಾಕೆ, ಬೇರೆಯವರ ಅಂಕಿ ನೋಡುವ ಮುಂಚೆಯೋ ನೋಡಿದ ಮೇಲೋ, ಇಷ್ಟೂ ಬರೆದಿರಬೇಕು. ವಾತಾವರಣ ವಿಜ್ಞಾನದಲ್ಲಿ ಇದಕ್ಕೆ ಒಳ್ಳೆಯ ರೂಢಿ ಈಗಾಗಲೇ ಇದೆ: ಅಳತೆಯ ಅಂಕಿ ಹಂಚಿಕೊಳ್ಳಲು ಬಳಸುವ ಐಕಾರ್ಟ್ ಎಂಬ ನಮೂನೆಯ ಫೈಲುಗಳಲ್ಲಿ ಪ್ರಾಥಮಿಕ ಅಂಕಿಗಳಿಗೆ ಆರ್‌ಎ, ಆರ್‌ಬಿ, ಅಂತಿಮಕ್ಕೆ ಆರ್0, ಆರ್1 ಅಂತ ಹೆಸರಲ್ಲೇ ಆವೃತ್ತಿ ಬರುತ್ತದೆ, ಏನು ಬದಲಾಯಿತು ಅಂತ ತಲೆಬರಹದಲ್ಲಿ ಟಿಪ್ಪಣಿ ಇರುತ್ತದೆ. ಅಳತೆ ಇಲ್ಲದ ಕಡೆ -9999, ಉಪಕರಣಕ್ಕೆ ಕಾಣದಷ್ಟು ಕಡಿಮೆ ಇದ್ದರೆ -8888. ಇವೆರಡನ್ನೂ ಬೆರೆಸುವ ಹಾಗಿಲ್ಲ, ‘ನೋಡಲಿಲ್ಲ’ ಬೇರೆ, ‘ನೋಡಿದೆ, ಕಾಣಲಿಲ್ಲ’ ಬೇರೆ.

ಬೌಲ್ಡರ್‌ನಲ್ಲಿ ಆ ಬಿಗಿಯಿಂದ ಏನು ಸಿಕ್ಕಿತು ಅಂತ ನೋಡಿ. ಮೋಡವಿಲ್ಲದ ದಿನದ ಹೋಲಿಕೆಯಲ್ಲಿ, ಸೂರ್ಯ ನೆತ್ತಿಯಿಂದ ಸುಮಾರು 60 ಡಿಗ್ರಿಯೊಳಗೆ ಇದ್ದಾಗ, 16 ಮಾದರಿಗಳಲ್ಲಿ 11 ಮಾದರಿಗಳು ಹೆಚ್ಚುಕಡಿಮೆ ಶೇಕಡಾ 6ರೊಳಗೆ ಒಂದಕ್ಕೊಂದು ಹೊಂದಿದವು. ಉಳಿದವು ಹೊಂದಲಿಲ್ಲ, ಅದನ್ನೂ ಹಾಗೇ ಪ್ರಕಟಿಸಿದರು. ಮೂರು ರೋಹಿತಮಾಪಕಗಳಲ್ಲಿ ಎರಡು 310 ನ್ಯಾನೋಮೀಟರ್‌ಗಿಂತ ಮೇಲೆ ಸುಮಾರು ಶೇಕಡಾ 10ರೊಳಗೆ ಒಪ್ಪಿದವು, ಅದಕ್ಕಿಂತ ಕೆಳಗೆ ಅಂತರ ಬೆಳೆಯಿತು. 1994ರ ನವೆಂಬರ್‌ನಲ್ಲಿ ಅಟ್ಲಾಂಟಿಸ್ ಬಾಹ್ಯಾಕಾಶ ನೌಕೆಯಲ್ಲಿ ಹಾರಿದ ಅಟ್ಲಾಸ್-3 ಪ್ರಯೋಗಾಲಯ ಅಳೆದ ಸೌರ ರೋಹಿತವನ್ನು ಬಳಸಿದ ಮಾದರಿಗಳು ಅಳತೆಗೆ ಹೆಚ್ಚು ಹತ್ತಿರ ಬಂದವು ಎಂಬುದು ಗೊತ್ತಾದದ್ದೂ ಹೀಗೆಯೇ. ಎಲ್ಲರೂ ಮೊದಲೇ ಅಂಕಿ ಹೊಂದಿಸಿಕೊಂಡಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಂಥ ಅಧ್ಯಯನಕ್ಕೆ ನಿಯಮ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಕೊನೆಯ ದಿನಾಂಕಕ್ಕೆ ಬಂದ ಮೊದಲ ಫೈಲುಗಳನ್ನು ರೆಫರಿಯ ಬಳಿಯೇ ಇಟ್ಟು ಮುಗಿಸಬೇಡಿ. ಫಲಿತಾಂಶ ಪ್ರಕಟವಾದ ದಿನವೇ ಅವನ್ನೂ ಅಂತಿಮ ಫೈಲುಗಳ ಪಕ್ಕದಲ್ಲಿ, ತಂಡದ ಹೆಸರಿನ ಸಮೇತ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಡಿ.