ಉಗುರಿಗೆ ಮಡಿ, ಊರ ತುಂಬ ಮಸಿ

ಮಡಿಯುಟ್ಟ ಅಜ್ಜಿಯರನ್ನು ಕಂಡರೆ ನಮಗೆ ನಗು. ಒಲೆಗಿಡುವ ಸೌದೆಗೂ ನೀರು ಚಿಮುಕಿಸಿ ಶುದ್ಧ ಮಾಡಬೇಕು, ಆಮೇಲೆ ಆ ಹಸಿ ಸೌದೆಯ ಹೊಗೆಗೆ ಮನೆಮಂದಿಯೆಲ್ಲ ಕೆಮ್ಮಬೇಕು. ಈ ಶಾಸ್ತ್ರ ನಮ್ಮ ಅಗ್ರಹಾರಗಳಲ್ಲೇ ಹುಟ್ಟಿದ್ದು ಅಂತ ನಾನೂ ನಂಬಿದ್ದೆ. 1950ರ ದಶಕದ ಲಂಡನ್ನಿನ ಕಥೆ ಓದಿದ ಮೇಲೆ ಅಜ್ಜಿಯರ ಮೇಲಿನ ಕೋಪ ಅರ್ಧ ಇಳಿಯಿತು.

ಆಗಿನ ಲಂಡನ್ ಕೌಂಟಿಯಲ್ಲಿ 28 ಬರೋಗಳು, ಅಂದರೆ ಆಡಳಿತದ ವಿಭಾಗಗಳು. ಸ್ಟೆಪ್ನಿ, ಬರ್ಮಂಡ್ಸೆ, ಫಿನ್ಸ್‌ಬರಿ ಹೀಗೆ ಒಂದೊಂದಕ್ಕೂ ಒಂದು ಪುರಸಭೆ, ಒಬ್ಬ ಆರೋಗ್ಯಾಧಿಕಾರಿ, ಅವರ ಕೈಕೆಳಗೆ ಇನ್ಸ್‌ಪೆಕ್ಟರುಗಳ ದಂಡು. ಚರಂಡಿ ಮೂಸುವುದು, ಇಲಿ ಹಿಡಿಸುವುದು, ಕೊಳೆತ ಮಾಂಸ ಎಸೆಸುವುದು, ಹೋಟೆಲಿನ ಹಿತ್ತಲಿಗೆ ಹೇಳದೆ ಕೇಳದೆ ನುಗ್ಗುವುದು ಇವರ ಕೆಲಸ. ಹತ್ತೊಂಬತ್ತನೇ ಶತಮಾನದಲ್ಲಿ ಇವರ ಪದನಾಮ ‘ಇನ್ಸ್‌ಪೆಕ್ಟರ್ ಆಫ್ ನ್ಯೂಸೆನ್ಸಸ್’, ಅಂದರೆ ಉಪದ್ರವಗಳ ಇನ್ಸ್‌ಪೆಕ್ಟರ್. ಆಮೇಲೆ ಸ್ಯಾನಿಟರಿ ಇನ್ಸ್‌ಪೆಕ್ಟರ್ ಆದರು. 1956ರಲ್ಲಿ ಬರೀ ಹೆಸರು ಬದಲಿಸುವುದಕ್ಕೆಂದೇ ಸಂಸತ್ತು ಒಂದು ಪ್ರತ್ಯೇಕ ಕಾಯಿದೆ ಮಾಡಿ ಅವರನ್ನು ‘ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್’ ಮಾಡಿತು. ಚರಂಡಿಯ ವಾಸನೆ ಬದಲಾಯಿತೋ ಇಲ್ಲವೋ, ಮೂಸುವವರ ಬೋರ್ಡಂತೂ ಬದಲಾಯಿತು.

ಇವರ ಕೈಗೆ ಬಂದ ಹೊಸ ಅಸ್ತ್ರ 1955ರ ಆಹಾರ ನೈರ್ಮಲ್ಯ ನಿಯಮಗಳು. ತಿಂಡಿ ಮುಟ್ಟುವವರು ಉಗುಳಬಾರದು, ಸಿಗರೇಟು ಸೇದಬಾರದು, ಕೈ ಕೊಯ್ದುಕೊಂಡರೆ ನೀರು ಇಳಿಯದ ಪಟ್ಟಿ ಸುತ್ತಬೇಕು. ಅಂಗಡಿಯಲ್ಲಿ ಕೈತೊಳೆಯುವ ಬೇಸಿನ್, ಬಿಸಿನೀರು, ಸೋಪು, ಟವೆಲ್ಲು ಇರಬೇಕು. ಜೊತೆಗೆ ಉಗುರು ಉಜ್ಜುವ ಬ್ರಷ್ಷು! ಕಕ್ಕಸಿನ ಹತ್ತಿರ ‘ಕೈ ತೊಳೆದುಕೊಳ್ಳಿ’ ಎಂಬ ಫಲಕವೂ ಕಡ್ಡಾಯ. ತಪ್ಪೇನಿಲ್ಲ ಬಿಡಿ, ನಮ್ಮೂರ ಗೋಬಿ ಗಾಡಿಗಳ ಪಕ್ಕ ನಿಂತಾಗ ಆ ಬ್ರಷ್ಷು ನನಗೂ ನೆನಪಾಗುತ್ತದೆ.

ಆದರೆ ಆ ಅಂಗಡಿಯವನು ಸಂಜೆ ಬಾಗಿಲೆಳೆದು ಮನೆಗೆ ಹೋಗಬೇಕಲ್ಲ? 1951ರ ಜನಗಣತಿಯಲ್ಲಿ ಬ್ರಿಟನ್ ಮೊದಲ ಸಲ ‘ನಿಮ್ಮ ಮನೇಲಿ ಸ್ನಾನದ ತೊಟ್ಟಿ ಇದೆಯೇ’ ಅಂತ ಜನರನ್ನು ಕೇಳಿತು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳು ಇಲ್ಲ ಅಂದವು. ಅಂಗಡಿಯಲ್ಲಿ ಉಗುರಿಗೆ ಬಿಸಿನೀರು ಕಾನೂನಿನ ಆಜ್ಞೆ. ಮನೆಯಲ್ಲಿ ಮೈಗೆ ನೀರು ಅವರವರ ಹಣೆಬರಹ. ವಾರಕ್ಕೊಮ್ಮೆ ಟವೆಲ್ಲು ಸುತ್ತಿಕೊಂಡು ಪುರಸಭೆಯ ಸಾರ್ವಜನಿಕ ಬಚ್ಚಲಿನ ಮುಂದೆ ಪಾಳಿ ನಿಲ್ಲಬೇಕಿತ್ತು.

ಇದೂ ಹೋಗಲಿ. ಉಗುರು ಬ್ರಷ್ಷಿಗೆ ಮೂರು ವರ್ಷ ಮೊದಲು ಏನಾಗಿತ್ತು ಕೇಳಿ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಹೊಗೆಮಂಜು ಕವಿದು ಕೂತಿತು. ಬಸ್ಸು ನಿಂತವು. ಹೊಗೆ ನಾಟಕಶಾಲೆಯೊಳಗೇ ನುಗ್ಗಿ ಆಟ ಅರ್ಧಕ್ಕೆ ನಿಂತಿತು. ಸತ್ತವರು ಸುಮಾರು 4,000 ಅಂತ ಆಗಿನ ಲೆಕ್ಕ. ಈಚಿನ ಸಂಶೋಧಕರ ಅಂದಾಜು 12,000. ಅದೇ ಹೊತ್ತಿಗೆ ಅರ್ಲ್ಸ್ ಕೋರ್ಟಿನಲ್ಲಿ ಸ್ಮಿತ್‌ಫೀಲ್ಡ್ ದನಗಳ ಪ್ರದರ್ಶನ. ಬಹುಮಾನಕ್ಕೆ ಬಂದ ಕೊಬ್ಬಿದ ರಾಸುಗಳು ಉಸಿರಾಡಲಾಗದೆ ಬಿದ್ದವು, ಕೆಲವು ಸತ್ತವು. ರೈತರು ವಿಸ್ಕಿಯಲ್ಲಿ ಗೋಣಿತಟ್ಟು ನೆನೆಸಿ ಮೂತಿಗೆ ಕಟ್ಟಿದರಂತೆ. ಆಮೇಲೆ ಒಂದು ವಿವರಣೆ ಬಂತು ನೋಡಿ, ಅದು ಸೊಗಸು: ಬಹುಮಾನದ ದನಗಳ ಕೊಟ್ಟಿಗೆಯನ್ನು ಗಳಿಗೆಗೊಮ್ಮೆ ಗುಡಿಸಿ ತೊಳೆಯುತ್ತಿದ್ದರು. ಸಾಧಾರಣ ದನಗಳು ಸಗಣಿ ಗಂಜಲದಲ್ಲೇ ಮಲಗಿದ್ದವು. ಗಂಜಲದ ಅಮೋನಿಯ ಹೊಗೆಯ ಆಮ್ಲವನ್ನು ಮುರಿದು ಅವುಗಳ ಜೀವ ಉಳಿಸಿತಂತೆ! ಕೊಟ್ಟಿಗೆಯ ನೈರ್ಮಲ್ಯಕ್ಕೆ ನೂರಕ್ಕೆ ನೂರು ಅಂಕ, ದನ ಮಾತ್ರ ಪರಲೋಕಕ್ಕೆ.

ಉಪದ್ರವಗಳ ಇನ್ಸ್‌ಪೆಕ್ಟರ ವಂಶಸ್ಥರು ಆಗೆಲ್ಲಿದ್ದರು? ಅವರನ್ನು ಬಯ್ಯಬೇಡಿ. ಹೊಗೆಯ ಉಪದ್ರವಕ್ಕೆ ಕಾನೂನೇನೋ ಇತ್ತು, ಕಾರ್ಖಾನೆಯ ಚಿಮಣಿಗೆ ನೋಟಿಸು ಕೊಡಬಹುದಿತ್ತು. ಖಾಸಗಿ ಮನೆಯ ಚಿಮಣಿಗೆ ಮಾತ್ರ ವಿನಾಯಿತಿ. ಲಂಡನ್ನಿನಲ್ಲಿ ಅಂಥ ಚಿಮಣಿಗಳು ಲಕ್ಷಗಟ್ಟಲೆ. ಒಳ್ಳೆಯ ಕಲ್ಲಿದ್ದಲು ವಿದೇಶಿ ಹಣ ತರಲು ಹಡಗು ಹತ್ತುತ್ತಿತ್ತು. ಮನೆಯ ಒಲೆಗೆ ‘ನಟ್ಟಿ ಸ್ಲ್ಯಾಕ್’ ಎಂಬ ನುಚ್ಚು ಕಲ್ಲಿದ್ದಲು. ಈ ನುಚ್ಚನ್ನು ರೇಷನ್ನಿನಿಂದ ಬಿಡಿಸಿ ಎಷ್ಟು ಬೇಕಾದರೂ ಕೊಳ್ಳಿ ಅಂದದ್ದು ಡಿಸೆಂಬರ್ 1ರಂದು. ಮಂಜು ಇಳಿದದ್ದು 5ರಂದು. ಮುಹೂರ್ತ ಇಟ್ಟ ಜೋಯಿಸರು ಯಾರೋ.

ತಿಂಗಳುಗಟ್ಟಲೆ ಸಾವು ನಿಲ್ಲದಿದ್ದಾಗ ಸರ್ಕಾರ ಇನ್‌ಫ್ಲುಯೆಂಜಾದ ಕಡೆ ಬೆರಳು ತೋರಿಸಿತು. 1953ರ ನವೆಂಬರಿನಲ್ಲಿ ವಸತಿ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಗುಟ್ಟಾಗಿ ಒಂದು ಟಿಪ್ಪಣಿ ಬರೆದರು. ಒಂದು ಸಮಿತಿ ಮಾಡೋಣ, ನಮ್ಮಿಂದ ಹೆಚ್ಚೇನೂ ಆಗದು, ಆದರೆ ಬಹಳ ಕೆಲಸ ಮಾಡುತ್ತಿರುವಂತೆ ಕಾಣಿಸಿಕೊಳ್ಳಬಹುದು, ಈ ಕಾಲದಲ್ಲಿ ಅಷ್ಟಾದರೆ ಅರ್ಧ ಯುದ್ಧ ಗೆದ್ದಂತೆ ಅನ್ನುವುದು ಅದರ ಸಾರ. ಎಂಥ ಪ್ರಾಮಾಣಿಕತೆ! ಇದನ್ನು ಬರೆದ ಮನುಷ್ಯ ಮುಂದೆ ಪ್ರಧಾನಿಯಾದರು. ನಮ್ಮವರು ಇಷ್ಟನ್ನು ಬರೆದಿಡುವುದೂ ಇಲ್ಲ, ಸುಮ್ಮನೆ ಮಾಡುತ್ತಾರೆ. ಜನರಿಗೆ ವೈದ್ಯರ ಚೀಟಿಯ ಮೇಲೆ ಮೂಗಿಗೆ ಕಟ್ಟುವ ಬಟ್ಟೆ ಸಿಕ್ಕಿತು.

ಕೊನೆಗೂ 1956ರಲ್ಲಿ ಶುದ್ಧ ಗಾಳಿ ಕಾಯಿದೆ ಬಂತು. ಹೊಗೆರಹಿತ ಪ್ರದೇಶ ಘೋಷಿಸುವ ಅಧಿಕಾರ ಬರೋಗಳಿಗೆ ಸಿಕ್ಕಿತು, ಮನೆಯ ಒಲೆಯೂ ಲೆಕ್ಕಕ್ಕೆ ಬಂತು. ಕಾಯಿದೆ ಹೇಳುವ ‘ಕಡುಹೊಗೆ’ ಯಾವುದೆಂದು ತಿಳಿಯಬೇಕಲ್ಲ, ಅದಕ್ಕೆ ರಿಂಗೆಲ್‌ಮನ್ ಕಾರ್ಡು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳ ಚೌಕುಳಿ, ಒಂದಕ್ಕಿಂತ ಒಂದು ದಟ್ಟ. ಎರಡನೇ ನಂಬರಿನಷ್ಟು ಅಥವಾ ಅದಕ್ಕಿಂತ ಕಪ್ಪಾದರೆ ಅಪರಾಧ. ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವವರ ಹಾಗೆ ಇನ್ಸ್‌ಪೆಕ್ಟರು ಬೀದಿಯಲ್ಲಿ ನಿಂತು, ಕಾರ್ಡನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಹೊಗೆಗೆ ಮ್ಯಾಚಿಂಗ್ ನೋಡುವುದನ್ನು ಊಹಿಸಿಕೊಳ್ಳಿ.

1962ರ ಡಿಸೆಂಬರಿನಲ್ಲಿ ಮತ್ತೆ ಹೊಗೆಮಂಜು ಕವಿದು ನೂರಾರು ಜನ ಸತ್ತರು. ಅಷ್ಟು ಹೊತ್ತಿಗೆ ಕಾಯಿದೆ ಇತ್ತು, ಕಾರ್ಡಿತ್ತು, ಹೊಸ ಹೆಸರಿನ ಇನ್ಸ್‌ಪೆಕ್ಟರೂ ಇದ್ದರು. ಕಾರ್ಡು ಹಿಡಿದು ಅಳೆಯೋಣವೆಂದರೆ ಚಿಮಣಿಯೇ ಕಾಣಬೇಡವೇ?