ಕಾಗೆಯನ್ನು ಬಿಟ್ಟ ಪಟ್ಟಿ ಪೂರ್ಣವಲ್ಲ

ಇಂದು ಬೆಳಿಗ್ಗೆ ಪರಿಚಿತರೊಬ್ಬರು ತಾವು ಹಕ್ಕಿವೀಕ್ಷಣೆಯ ದಾಖಲೆಗಳನ್ನು ಸಂಗ್ರಹಿಸುವ ಜಾಲತಾಣವಾದ ಇಬರ್ಡ್‌ಗೆ ಸೇರಿಸಿದ ಹಕ್ಕಿಪಟ್ಟಿಯನ್ನು ಸಂಭ್ರಮದಿಂದ ಹಂಚಿಕೊಂಡಿದ್ದರು. ಎರಡು ಗಂಟೆಯ ವೀಕ್ಷಣೆ, ನಾಲ್ಕೇ ಹಕ್ಕಿಗಳು, ನಾಲ್ಕೂ ಅಪರೂಪದವು, ಚಿತ್ರಗಳೂ ಚೆನ್ನಾಗಿದ್ದವು. ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ದಾಖಲಿಸಿದ್ದೀರಾ ಎಂದು ಆ ತಾಣ ಕೇಳುವ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿದ್ದರು. ಕಾಗೆ, ಮೈನಾ, ಗುಬ್ಬಚ್ಚಿ ಒಂದೂ ಕಾಣಲಿಲ್ಲವೇ ಎಂದು ಕೇಳಿದೆ. ‘ಇದ್ದವು, ಆದರೆ ಅವನ್ನೆಲ್ಲ ಏನೆಂದು ಬರೆಯುವುದು?’ ಎಂದರು.

ನನ್ನನ್ನು ಬಲ್ಲವರಿಗೆ ನನ್ನ ಈ ಸಿಟ್ಟು ಹೊಸದಲ್ಲ. ಆದರೂ ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಹಕ್ಕಿಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬ ಲೆಕ್ಕಾಚಾರ ಬಹುಮಟ್ಟಿಗೆ ಆ ಒಂದು ‘ಹೌದು’ ಎಂಬ ಮಾತನ್ನು ನಂಬಿಯೇ ನಡೆಯುತ್ತದೆ. ಒಂದು ಪ್ರದೇಶದ ಮೈನಾಗಳನ್ನೆಲ್ಲ ಒಂದೊಂದಾಗಿ ಎಣಿಸುವುದು ಯಾರಿಂದಲೂ ಆಗದ ಕೆಲಸ. ಹಾಗಾಗಿ ಸಂಶೋಧಕರು ಪೂರ್ಣವೆಂದು ಸಲ್ಲಿಸಿದ ಪಟ್ಟಿಗಳನ್ನಷ್ಟೇ ಆಯ್ದುಕೊಂಡು, ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಮೈನಾ ಇದೆ ಎಂಬುದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುತ್ತಾರೆ. ಇಂಥ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲವೆಂದರೆ, ಅದನ್ನು ಗುರುತಿಸಬಲ್ಲವರು ಅಲ್ಲಿ ಅಷ್ಟು ಹೊತ್ತು ಇದ್ದರೂ ಅದು ಅವರಿಗೆ ಕಾಣಲಿಲ್ಲ, ಕೇಳಲಿಲ್ಲ ಎಂದೇ ಅರ್ಥ. ಎದುರಿನ ತಂತಿಯ ಮೇಲೆ ಕುಳಿತಿದ್ದ ಮೈನಾವನ್ನು ಬಿಟ್ಟು ‘ಹೌದು’ ಎಂದವರು ಕೇವಲ ಸೋಮಾರಿತನ ತೋರಿದ್ದಲ್ಲ, ಇದ್ದ ಹಕ್ಕಿಯನ್ನು ಇಲ್ಲವೆಂದು ಬರೆದುಕೊಟ್ಟಿದ್ದಾರೆ. ಎಲ್ಲವನ್ನೂ ಬರೆಯಲು ಮನಸ್ಸಿಲ್ಲದಿದ್ದರೆ ‘ಇಲ್ಲ’ ಎಂದು ಉತ್ತರಿಸಲು ಅವಕಾಶವಿದೆ. ಅಂಥ ಪಟ್ಟಿಯನ್ನು ಯಾರೂ ತಿರಸ್ಕರಿಸುವುದಿಲ್ಲ, ಯಾವ ಹಕ್ಕಿ ಎಲ್ಲೆಲ್ಲಿ ಕಾಣಸಿಗುತ್ತದೆ ಎಂದು ತಿಳಿಯಲು ಅದೂ ಬೇಕಾಗುತ್ತದೆ.

ಸಾಮಾನ್ಯ ಹಕ್ಕಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂದಿತೋ ನನಗೆ ಅರ್ಥವಾಗುವುದಿಲ್ಲ. ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ದೊಡ್ಡ ಬೇಟೆಹಕ್ಕಿಗಳ ಸಾಲಿನಲ್ಲಿತ್ತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಕಳೇಬರದ ಮೂಲಕ ಅದರ ದೇಹ ಸೇರಿ ಮೂತ್ರಪಿಂಡಗಳನ್ನು ಕೆಡಿಸಿತು, ಭಾರತದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಹದ್ದುಗಳು ಅಳಿದವು. ಈ ಕುಸಿತ 1990ರ ದಶಕದಲ್ಲಿ ಖಚಿತವಾಗಿ ತಿಳಿದದ್ದು ಭರತಪುರದ ಕೇವಲಾದೇವ ಉದ್ಯಾನದಲ್ಲಿ ಅದಕ್ಕೂ ಮೊದಲೇ, ಹದ್ದುಗಳು ತುಂಬಿ ತುಳುಕುತ್ತಿದ್ದ ದಿನಗಳಲ್ಲಿ, ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಅವುಗಳ ಲೆಕ್ಕವಿಟ್ಟಿದ್ದರಿಂದ. ಬೇಕಾದಷ್ಟಿವೆ ಎಂದು ಅವರೂ ಕೈಬಿಟ್ಟಿದ್ದರೆ ಹೋಲಿಸಿ ನೋಡಲು ಏನಿರುತ್ತಿತ್ತು?

2019ರಲ್ಲಿ ಪ್ರಕಟವಾದ ಅಧ್ಯಯನವೊಂದು, 1970ರಿಂದೀಚೆಗೆ ಉತ್ತರ ಅಮೆರಿಕ ಸುಮಾರು 300 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು ಲೆಕ್ಕ ಹಾಕಿತು. ಆ ನಷ್ಟದ ಶೇಕಡ 90ಕ್ಕೂ ಹೆಚ್ಚು ಭಾಗ ಕೇವಲ 12 ಹಕ್ಕಿ ಕುಟುಂಬಗಳದ್ದು, ಅವುಗಳಲ್ಲಿ ಹೆಚ್ಚಿನವು ಜನ ದಿನವೂ ನೋಡುವ ಹಕ್ಕಿಗಳು. ಬ್ರಿಟನ್ನಿನಲ್ಲಿ ಮನೆಯ ತೋಟದ ಹಕ್ಕಿಗಳನ್ನು 1979ರಿಂದ ಜನರೇ ಎಣಿಸುತ್ತ ಬಂದಿದ್ದಾರೆ. ಅಲ್ಲಿ ಗುಬ್ಬಚ್ಚಿ ಇಂದಿಗೂ ಪಟ್ಟಿಯ ಮೇಲ್ಸಾಲಿನಲ್ಲೇ ಇರುವ ಹಕ್ಕಿ, ಆದರೂ ಅದರ ಸಂಖ್ಯೆ ಎಷ್ಟು ಇಳಿಯಿತೆಂದರೆ 2002ರಲ್ಲಿ ಅದನ್ನು ಅತಿ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಅಲ್ಲಿನ ಕೆಂಪುಪಟ್ಟಿಗೆ ಸೇರಿಸಬೇಕಾಯಿತು. ನಮ್ಮಲ್ಲಿ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರ ದಾಖಲೆಗಳಿಂದ ಸಿದ್ಧವಾದ 2023ರ ಭಾರತದ ಪಕ್ಷಿಗಳ ವರದಿ ನೀಲಕಂಠ ಕಡಿಮೆಯಾಗುತ್ತಿದೆ ಎಂದು ತೋರಿಸಿತು. ವಿದ್ಯುತ್ ತಂತಿಯ ಮೇಲೆ ಕುಳಿತ ನೀಲಕಂಠವನ್ನು ‘ಇದೇನು ಹೊಸದೇ’ ಎಂದು ಎಷ್ಟು ಜನ ಬರೆಯದೆ ಮುಂದೆ ಹೋಗಿದ್ದಾರೋ!

ಕಾಗೆಯನ್ನು ಸಾವಿರಾರು ಜನ ಬರೆಯುತ್ತಿದ್ದಾರೆ, ನಾನೊಬ್ಬ ಬಿಟ್ಟರೆ ಏನಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಈ ಮಾತಿನಲ್ಲಿ ನನಗೆ ಹುರುಳು ಕಾಣುವುದಿಲ್ಲ. ಆ ಸಾವಿರಾರು ಪಟ್ಟಿಗಳಲ್ಲಿ ಬಹಳಷ್ಟು ಪ್ರಸಿದ್ಧ ಕೆರೆ ಮತ್ತು ಅಭಯಾರಣ್ಯಗಳ ಸುತ್ತ ರಜಾದಿನಗಳಲ್ಲಿ ಬರೆದವು. ನಿಮ್ಮ ಹಿತ್ತಿಲಿನಲ್ಲಿ ಒಂದು ಸಾಧಾರಣ ಬುಧವಾರ ಏನಿತ್ತು ಎಂಬುದನ್ನು ನೀವು ಬರೆಯದಿದ್ದರೆ ಇನ್ನಾರೂ ಬರೆಯುವುದಿಲ್ಲ. ಹವ್ಯಾಸಿಗಳ ಗುರುತಿಸುವಿಕೆಯನ್ನು ನಂಬಲಾಗದು ಎನ್ನುವವರೂ ಇದ್ದಾರೆ. ಆ ಪ್ರದೇಶಕ್ಕೆ, ಆ ಋತುವಿಗೆ ಹೊಂದದ ಹೆಸರೋ ಸಂಖ್ಯೆಯೋ ಬಂದರೆ ಇಬರ್ಡ್ ತಾನೇ ತಡೆದು ಕೇಳುತ್ತದೆ, ಬಳಿಕ ಅನುಭವಿ ಸ್ವಯಂಸೇವಕರು ಪರಿಶೀಲಿಸುತ್ತಾರೆ. ಅದೂ ಅಲ್ಲದೆ, ಹೊಸಬರು ಅತಿ ಕಡಿಮೆ ತಪ್ಪು ಮಾಡುವುದು ಕಾಗೆ, ಪಾರಿವಾಳಗಳ ವಿಷಯದಲ್ಲೇ ಅಲ್ಲವೇ?

ಅಪರೂಪದ ಹಕ್ಕಿ ಕಂಡಾಗ ನನ್ನ ಎದೆಯೂ ಬಡಿದುಕೊಳ್ಳುತ್ತದೆ, ಆ ಸಂತೋಷವನ್ನು ಯಾರಿಂದಲೂ ಕಸಿದುಕೊಳ್ಳುವ ಉದ್ದೇಶ ನನಗಿಲ್ಲ. ಆದರೆ ನಿಜ ಹೇಳಬೇಕೆಂದರೆ, ಈ ಸಿಟ್ಟಿನ ಅಡಿಯಲ್ಲಿರುವುದು ಭಯ. ಇಂದು ಎಲ್ಲರಿಗೂ ಬೇಡವಾದ ಯಾವುದೋ ಹಕ್ಕಿ ಈಗಾಗಲೇ ಕಡಿಮೆಯಾಗುತ್ತಿದ್ದು, ಅದು ನಮ್ಮ ಅರಿವಿಗೆ ಬರುವ ಹೊತ್ತಿಗೆ ಹಳೆಯ ಲೆಕ್ಕವೇ ಇಲ್ಲದೆ ಹೋದರೆ ಎಂಬ ಭಯ.

ಇನ್ನೊಂದು ಕೋರಿಕೆಯೂ ಇದೆ. ದೊಡ್ಡ ಹಿಂಡು ಕಂಡಾಗ ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ ಎಂದು ಹಾಕಿ ಕೈತೊಳೆದುಕೊಳ್ಳಬೇಡಿ. ಇತ್ತು ಎಂಬುದು ಅದರಿಂದ ತಿಳಿಯುತ್ತದೆ, ಎಷ್ಟಿತ್ತು ಎಂಬುದು ತಿಳಿಯುವುದಿಲ್ಲ. ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ನೋಡಿಕೊಳ್ಳಿ, ಇಡೀ ಹಿಂಡಿನಲ್ಲಿ ಅಂಥ ಎಷ್ಟು ಗುಂಪುಗಳಿವೆ ಎಂದು ಅಂದಾಜಿಸಿ ಬರೆಯಿರಿ. ಹದಿನೈದು ನಿಮಿಷ ಒಂದೆಡೆ ಕುಳಿತು ಆರು ಕಾಗೆ, ಎರಡು ಪಾರಿವಾಳ ಎಂದಷ್ಟೇ ಬರೆದ ಪಟ್ಟಿಯನ್ನೂ ನಾಚಿಕೆಪಡದೆ ಸಲ್ಲಿಸಿ. ಅಂಥದ್ದನ್ನು ಇಲ್ಲಿ ಹಂಚಿಕೊಂಡರೆ ಮೊದಲು ಮೆಚ್ಚುವವನು ನಾನೇ.