ಎಚ್‌ಐವಿ ಮಾತ್ರೆ: ಹಬ್ಬಿರುವ ಸಂದೇಶ ಸುಳ್ಳು

'ಎಚ್‌ಐವಿ ಮಾತ್ರೆಗೆ ತಿಂಗಳಿಗೆ ಸಾವಿರಾರು ರೂಪಾಯಿ ಬೇಕು, ಸರ್ಕಾರದ್ದು ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣಗಳ ಎಣಿಕೆ) ತುಂಬಾ ಇಳಿದ ಮೇಲೇ ಸಿಗೋದು' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಂಬಬೇಡಿ. ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳು 2004ರಿಂದಲೂ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿವೆ. ಸಿಡಿ4 ಮಿತಿ ಹಿಂದೆ ಇತ್ತು, ನಿಜ. 2017ರಲ್ಲಿ ತೆಗೆದರು. ಈಗ ಸೋಂಕು ಖಚಿತವಾದರೆ ಸಾಕು. ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಔಷಧಗಳು ಅದರಲ್ಲೇ ಇರುತ್ತವೆ.

'ಕಂಪನಿಗಳೇ ಕನಿಕರಪಟ್ಟು ಬೆಲೆ ಇಳಿಸಿದವು' ಅಂತಲೂ ಆ ಸಂದೇಶದಲ್ಲಿದೆ. ಸುಮ್ನೆ ಇಳಿಯುತ್ತಾ? ವರ್ಷಕ್ಕೆ 10,000 ಡಾಲರ್ ದಾಟುತ್ತಿದ್ದ ಚಿಕಿತ್ಸೆಯನ್ನು 350 ಡಾಲರ್‌ಗೆ ಕೊಡುತ್ತೇನೆಂದು 2001ರಲ್ಲಿ ಮುಂದೆ ಬಂದದ್ದು ಜೆನೆರಿಕ್ (ಅದೇ ಔಷಧದ ಅಗ್ಗದ ರೂಪ) ತಯಾರಿಸುವ ಭಾರತೀಯ ಕಂಪನಿ ಸಿಪ್ಲಾ. ಟೆನೊಫೊವಿರ್ ಪೇಟೆಂಟ್ (ಒಂದೇ ಕಂಪನಿಗೆ ತಯಾರಿಕೆಯ ಹಕ್ಕು) ಅರ್ಜಿಗೆ ಎಚ್‌ಐವಿ ಇರುವವರ ಸಂಘಟನೆಗಳೇ ತಕರಾರು ಹಾಕಿದ್ದವು. 2009ರಲ್ಲಿ ಭಾರತ ಆ ಅರ್ಜಿಯನ್ನು ತಳ್ಳಿಹಾಕಿತು.

ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ.